ಕೂತರೆ ತೂಗಿತು, ನಿಂತರೆ ಕವುಚಿತು

ಮೊದಲೇ ಹೇಳಿಬಿಡುತ್ತೇನೆ, ಮಗಳಿಗೆಂದು ಮಾಡಿದ ಈ ತೂಗುಕುರ್ಚಿಗೆ ನಾನು ಎರಡು ಜೋಡಿ ಬಿಲ್ಲು ಮಾಡಿದ್ದೇನೆ. ಮೊದಲ ಜೋಡಿಯಲ್ಲಿ ಒಂದು ಬಚ್ಚಲಿನ ಹಂಡೆ ಒಲೆಗೆ ಹೋಯಿತು. ಇನ್ನೊಂದನ್ನು ಶೆಡ್ಡಿನ ಗೋಡೆಗೆ ನೇತುಹಾಕಿದ್ದೇನೆ, ಯಾರಾದರೂ ‘ಮಕ್ಕಳ ಕುರ್ಚಿ ಅಲ್ವಾ, ಸುಲಭ ಇರ್ಬೇಕು’ ಎಂದರೆ ತೋರಿಸಲಿಕ್ಕೆ.

ಬಿಲ್ಲು ಎಂದರೆ ತೂಗುಕುರ್ಚಿಯ ಕಾಲುಗಳ ಅಡಿಗೆ ಬರುವ ಎರಡು ಬಾಗಿದ ಪಟ್ಟಿ. ನಮ್ಮ ಬಡಗಿ ಆಚಾರ್ರು ಅದನ್ನು ಬಿಲ್ಲು ಎಂದರು, ನಾನೂ ಅದೇ ಹೆಸರು ಹಿಡಿದುಕೊಂಡೆ. ಕುರ್ಚಿ ತೂಗುವುದು, ನಿಲ್ಲುವುದು, ಬೀಳುವುದು ಎಲ್ಲ ಆ ಎರಡು ಪಟ್ಟಿಗಳ ಕೈಯಲ್ಲೇ ಉಂಟು. ಉಳಿದದ್ದು ಬರೀ ಒಂದು ಸಣ್ಣ ಕುರ್ಚಿ, ಮರಗೆಲಸದ ಚಟ ಇರುವವರು ನಾಲ್ಕು ಭಾನುವಾರದಲ್ಲಿ ಮುಗಿಸಬಹುದು. ನನಗೆ ಫೆಬ್ರವರಿಯಿಂದ ಸೆಪ್ಟೆಂಬರ್ ತನಕ ಹಿಡಿಯಿತು.

ಮರ ಕೊಂಡದ್ದಲ್ಲ. ಪರ್ಕಳದ ಹತ್ತಿರ ನಮ್ಮ ಹಳೇ ಮನೆಯ ಹೆಂಚು ಇಳಿಸಿ ಸ್ಲಾಬ್ ಹಾಕಿದಾಗ ಮಾಡಿನ ಪಕ್ಕಾಸು, ಹೆಂಚು ಕೂರುವ ರೀಪು ಪಟ್ಟಿ, ಮುಚ್ಚಿಗೆಯ ಹಲಗೆ ಎಲ್ಲ ಕೊಟ್ಟಿಗೆಯ ಅಟ್ಟ ಸೇರಿದ್ದವು. ಹಲಗೆ ಹಲಸಿನದು, ಪಕ್ಕಾಸು ಕಿರಾಲುಬೋಗಿ (ಬೋಗಿ) ಮರದ್ದು. ಹೊಸ ಮರ ತಂದರೆ ಒಂದು ಇಂಚು ದಪ್ಪ ಒಣಗಲು ನೆರಳಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಇಡಬೇಕು. ಇದು ಅಜ್ಜನ ಕಾಲದಿಂದ ಒಲೆಯ ಹೊಗೆ ಕುಡಿದು ಒಣಗಿದ ಮರ. ಇನ್ನು ಅದು ಸೊಟ್ಟಗಾಗುವುದಿದ್ದರೆ ಆಗಲೇ ಆಗಿರುತ್ತಿತ್ತು.

ಹಲಸನ್ನು ಕೀಸಿದರೆ ಒಳಗೆ ಈಗಲೂ ಅರಿಶಿನದ ಬಣ್ಣ. ಬೆಳಕು ತಾಗಿದ ಹಾಗೆ ತಿಂಗಳುಗಳಲ್ಲಿ ಕಂದಾಗುತ್ತ ಹೋಗುತ್ತದೆ. ವೀಣೆಗೆ, ಮೃದಂಗಕ್ಕೆ ಬಳಸುವುದೂ ಇದೇ ಮರ. ತೂಕ ಕಡಿಮೆ, ಚೇಗಿಗೆ, ಅಂದರೆ ಒಳಗಿನ ಗಟ್ಟಿ ತಿರುಳಿಗೆ, ಗೆದ್ದಲು ಸುಲಭಕ್ಕೆ ಬಾಯಿ ಹಾಕದು. ಒಂದೇ ತಕರಾರು, ಅದರ ನಾರು ಒಂದೇ ದಿಕ್ಕಿಗೆ ಓಡುವುದಿಲ್ಲ. ಕೀಸುಳಿ ಒಂದು ಗೇಣು ಬೆಣ್ಣೆಯ ಹಾಗೆ ಹೋಗುತ್ತದೆ, ಮುಂದಿನ ಗೇಣಿನಲ್ಲಿ ಮೈ ಕಿತ್ತುಕೊಂಡು ಬರುತ್ತದೆ. ಅಲಗು ಮಸೆದು, ಕೂದಲೆಳೆಯಷ್ಟೇ ಹೊರಗೆ ಬಿಟ್ಟು ಕೀಸಿದೆ. ಕೊನೆಯ ಮೈಯನ್ನು ಆಚಾರ್ರು ಹೇಳಿದ ಹಾಗೆ ಗಾಜಿನ ಚೂರಿನ ಅಂಚಿನಿಂದ ಹೆರೆದೆ. ಕೈಗವಸು ಹಾಕಿಕೊಂಡು ಮಾಡಿ. ನಾನು ಮೊದಲ ದಿನ ಹಾಕಿರಲಿಲ್ಲ.

ಹಳೇ ಮರದಲ್ಲಿ ಹಳೇ ಮೊಳೆ ಇದ್ದೇ ಇರುತ್ತದೆ. ಕೆಟ್ಟುಹೋದ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಹಲಗೆಯ ಮೇಲೆ ಎಳೆದುಕೊಂಡು ಹೋದೆ. ಹನ್ನೊಂದು ಮೊಳೆ ಸಿಕ್ಕಿತು. ಹನ್ನೆರಡನೆಯದು ಸಾಮಿಲ್ಲಿನವರಿಗೆ ಸಿಕ್ಕಿತು. ‘ಮೊಳೆ ಸಿಕ್ಕಿದ್ರೆ ಬ್ಲೇಡಿನ ದುಡ್ಡು ನಿಮ್ದು’ ಎಂದು ಅವರು ಮೊದಲೇ ಹೇಳಿದ್ದರಿಂದ ಮಾತಾಡಲು ಬಾಯಿ ಇರಲಿಲ್ಲ.

ಇನ್ನೊಂದು ವಿಷಯ ಗೇರೆಣ್ಣೆ. ನಮ್ಮ ಕಡೆ ಗೆದ್ದಲು ಬಾರದಿರಲಿ ಎಂದು ಪಕ್ಕಾಸಿಗೆಲ್ಲ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ಪದ್ಧತಿ ಹಳೆಯದು. ಆ ಕಪ್ಪು ಪದರ ಈ ಮರದ ಮೇಲೂ ಇತ್ತು. ಅಪ್ಪನಿಗೆ ಹೊಸ ಕುರ್ಚಿಗೂ ಅದನ್ನೇ ಬಳಿಯಬೇಕೆಂದು ಆಸೆ. ‘ನೂರು ವರ್ಷ ಬರ್ತದೆ’ ಎಂದರು. ಬರುತ್ತದೆ, ಸರಿ. ಆದರೆ ಹಸಿ ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಕ್ಕೆ ಏಳುತ್ತದೆ, ಗೇರುಬೀಜ ಸುಲಿದವರ ಕೈ ನೋಡಿದವರಿಗೆ ಗೊತ್ತು. ಮಗು ಕೈ ಇಡುವ, ಕೆಲವೊಮ್ಮೆ ಹಲ್ಲೂ ಇಡುವ ವಸ್ತುವಿಗೆ ಅದು ಬೇಡ. ಹಳೇ ಪದರವನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲೇ ಕೀಸಿ ತೆಗೆದೆ, ಆ ಹೊಟ್ಟನ್ನು ಬೇರೆ ಗುಡಿಸಿ ಹಾಕಿದೆ.

ಅಳತೆಗೆ ಮಗಳನ್ನೇ ಕೂರಿಸಿದೆ. ಮೂರೂವರೆ ವರ್ಷ, ಎತ್ತರ 98 ಸೆಂ.ಮೀ, ಅಂಗನವಾಡಿಯ ತಕ್ಕಡಿಯಲ್ಲಿ 14 ಕೆ.ಜಿ. ಮೊಣಕಾಲಿನ ಹಿಂದಿನಿಂದ ಹಿಮ್ಮಡಿಗೆ 24 ಸೆಂ.ಮೀ. ಸೀಟಿನ ಮುಂದಿನ ಅಂಚು ಅದಕ್ಕಿಂತ ಎತ್ತರ ಇರಬಾರದು, ಪಾದ ನೆಲಕ್ಕೆ ತಾಗದಿದ್ದರೆ ಅವಳು ತಾನಾಗಿ ತೂಗಿಕೊಳ್ಳಲಾರಳು, ಯಾರಾದರೂ ತೂಗುತ್ತಲೇ ಇರಬೇಕು. ಅದಕ್ಕಾದರೆ ತೊಟ್ಟಿಲೇ ಸಾಕಿತ್ತು. ಸೀಟಿನ ಅಗಲ 32, ಆಳ 27, ಹಿಂದಿನ ಅಂಚು ಮುಂದಿನದಕ್ಕಿಂತ 2 ಸೆಂ.ಮೀ ತಗ್ಗು. ಬೆನ್ನಿಗೆ ರೀಪಿನಿಂದ ಸೀಳಿದ ಐದು ಪಟ್ಟಿ. ಪಟ್ಟಿಗಳ ನಡುವಿನ ಸಂದಿ 3 ಸೆಂ.ಮೀ, ಬೆರಳು ಹೋದರೆ ಸಲೀಸಾಗಿ ಹೊರಗೂ ಬರಬೇಕು, ತಲೆಯಂತೂ ತೂರಬಾರದು. ಬೆರಳಷ್ಟೇ ಅಗಲದ ಸಂದಿಗಳೇ ಅಪಾಯ, ಸಣ್ಣ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಕಾಲು ಬೋಗಿಯದು, 35 ಮಿ.ಮೀ ಚೌಕ. ಬೋಗಿ ಗಟ್ಟಿ ಎಂದು ಕೇಳಿದ್ದೆ, ಉಳಿ ಹಿಡಿದಾಗ ಗೊತ್ತಾಯಿತು. ಒಂದೊಂದು ತೂತಿಗೆ ಎರಡು ಸಲ ಉಳಿ ಮಸೆಯಬೇಕು. ಅಡ್ಡಪಟ್ಟಿಗಳ ತುದಿಯಲ್ಲಿ 10 ಮಿ.ಮೀ ದಪ್ಪದ ನಾಲಿಗೆ, ಕಾಲಿನಲ್ಲಿ ಅದಕ್ಕೆ ತಕ್ಕ ತೂತು, ಒಳಗೆ ಫೆವಿಕಾಲ್, ಹೊರಗಿನಿಂದ ಬಿದಿರಿನ ಆಣಿ. ಇಲ್ಲಿ ಹೇಳುವಂಥ ಹೊಸತು ಏನೂ ಇಲ್ಲ. ನಾಲಿಗೆ ತೂತಿಗೆ ಕೈಯಲ್ಲೇ ಒತ್ತಿದರೆ ಮುಕ್ಕಾಲು ಭಾಗ ಹೋಗಬೇಕು, ಉಳಿದ ಕಾಲು ಭಾಗ ಕೊಡತಿಗೆ. ಅದಕ್ಕಿಂತ ಬಿಗಿ ಇದ್ದರೆ ಮಳೆಗಾಲದಲ್ಲಿ ಮರ ಉಬ್ಬಿ ಕಾಲು ಸೀಳುತ್ತದೆ.

ಕಾಲಿಗೂ ಬಿಲ್ಲಿಗೂ ಇರುವ ಕೂಡಿಕೆಯಲ್ಲಿ ಮಾತ್ರ ಆಚಾರ್ರು ನನ್ನ ಕೈ ಹಿಡಿದು ನಿಲ್ಲಿಸಿದರು. ಕಾಲಿನ ತುದಿಯ ಅರ್ಧ ದಪ್ಪ ಕಡಿದು, ಉಳಿದ ಅರ್ಧವನ್ನು ಬಿಲ್ಲಿನ ಒಳಮೈಗೆ ಒರಗಿಸಿ, ಕಡಿದ ಮೆಟ್ಟಿಲು ಬಿಲ್ಲಿನ ಬೆನ್ನ ಮೇಲೆ ಕೂರುವ ಹಾಗೆ ಮಾಡಿದ್ದೆ. ಭಾರ ಬೀಳುವುದು ಮೆಟ್ಟಿಲ ಮೇಲೆ, ಆಣಿಯ ಮೇಲಲ್ಲ. ಅದು ಸರಿಯೇ ಇತ್ತು. ನಾನು ಫೆವಿಕಾಲ್ ಡಬ್ಬಿ ತೆರೆದದ್ದು ತಪ್ಪು.

‘ಅಲ್ಲಿಗೆ ಅಂಟು ಹಾಕ್ಬೇಡಿ ಮಾರಾಯ್ರೇ,’ ಎಂದರು. ‘ಬಿಲ್ಲು ಅಂದ್ರೆ ಚಪ್ಪಲಿ ಇದ್ದ ಹಾಗೆ. ಸವೀತದೆ, ಒಂದು ದಿನ ಬದಲಿಸ್ಲಿಕ್ಕುಂಟು. ಬರೀ ಆಣಿ ಹೊಡೀರಿ, ಸಾಕು.’

ಆ ಒಂದು ಮಾತು ನನ್ನ ಕುರ್ಚಿಯನ್ನು ಉಳಿಸಿತು. ಬಿಲ್ಲು ಬದಲಿಸುವ ದಿನ ಎರಡೇ ವಾರದಲ್ಲಿ ಬಂತು.

ಆದದ್ದು ಹೀಗೆ. ಬಿಲ್ಲಿನ ಬಾಗು ಎಷ್ಟಿರಬೇಕು ಎಂಬುದಕ್ಕೆ ನಾನು ದೊಡ್ಡವರ ತೂಗುಕುರ್ಚಿಯ ಒಂದು ನಕ್ಷೆ ಇಟ್ಟುಕೊಂಡಿದ್ದೆ. ಅದರಲ್ಲಿ ಸೀಟು 43 ಸೆಂ.ಮೀ ಎತ್ತರ, ಬಿಲ್ಲಿನ ತ್ರಿಜ್ಯ 42 ಇಂಚು, ಅಂದರೆ ಸುಮಾರು 107 ಸೆಂ.ಮೀ. ನನ್ನ ಸೀಟು 24. ಅನುಪಾತ 0.56. ಎಲ್ಲವನ್ನೂ 0.56ರಿಂದ ಗುಣಿಸಿದೆ, ತ್ರಿಜ್ಯ 60 ಸೆಂ.ಮೀ ಬಂತು. ಲೆಕ್ಕ ಚಂದ ಇತ್ತು. ಒಂದು ರೀಪಿನ ತುದಿಗೆ ಮೊಳೆ, 60 ಸೆಂ.ಮೀ ದೂರದಲ್ಲಿ ತೂತು ಕೊರೆದು ಪೆನ್ಸಿಲ್, ಕಂಪಾಸಿನ ಹಾಗೆ ತಿರುಗಿಸಿ ಹಲಗೆಯ ಮೇಲೆ ಗೆರೆ ಎಳೆದೆ. ದಾರ ಕಟ್ಟಿ ಎಳೆಯಬೇಡಿ, ದಾರ ಜಗ್ಗುತ್ತದೆ, ಎರಡು ಬಿಲ್ಲು ಎರಡು ಬಗೆ ಆಗುತ್ತದೆ. ಜಿಗ್‌ಸಾದಲ್ಲಿ ಕೊಯ್ದು, ಎರಡನ್ನೂ ಜೋಡಿಸಿ ಕ್ಲಾಂಪ್ ಹಾಕಿ, ಅರದಿಂದ ಒಟ್ಟಿಗೇ ಉಜ್ಜಿದೆ.

ಕೂರಿಸುವ ಮೊದಲು 10 ಕೆ.ಜಿ. ಅಕ್ಕಿ ಚೀಲ ಇಟ್ಟು ತೂಗಿದೆ. ಭೇಷಾಗಿ ತೂಗಿತು. ಮಗಳು ಕೂತಳು, ಇನ್ನೂ ಚೆನ್ನಾಗಿ ತೂಗಿತು, ಒಂದು ಸಲ ಹೋಗಿ ಬರಲು ಎರಡು ಸೆಕೆಂಡಿಗಿಂತ ಹೆಚ್ಚು, ನಿಧಾನಕ್ಕೆ, ಆಳಕ್ಕೆ. ನಾನು ಫೋಟೋ ತೆಗೆಯಲು ಫೋನ್ ಹುಡುಕುವಷ್ಟರಲ್ಲಿ ಅವಳು ಹಿಂದೆ ತಿರುಗಿ ಸೀಟಿನ ಮೇಲೆ ಎದ್ದು ನಿಂತಳು, ಬೆನ್ನುಪಟ್ಟಿ ಹಿಡಿದು, ಬಸ್ಸಿನ ಕಂಡಕ್ಟರಿನ ಹಾಗೆ. ಕುರ್ಚಿ ಹಿಂದಕ್ಕೆ ಹೋಯಿತು, ಹೋದದ್ದು ವಾಪಸ್ ಬರಲಿಲ್ಲ. ಹೆಂಡತಿ ಪಕ್ಕದಲ್ಲೇ ಇದ್ದಳು, ಮಗುವನ್ನು ಗಾಳಿಯಲ್ಲೇ ಹಿಡಿದಳು. ಕುರ್ಚಿ ಕವುಚಿ ಬಿದ್ದು ಒಂದು ಬಿಲ್ಲಿನ ಬಾಲ ನಾರಿನ ಗುಂಟ ಲಟಕ್ಕನೆ ಮುರಿಯಿತು. ಹಂಡೆ ಒಲೆಗೆ ಹೋದದ್ದು ಅದೇ. ಹೆಂಡತಿ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಆ ರಾತ್ರಿ ಕೂತು ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿದ್ದ ಲೆಕ್ಕ. ಬಿಲ್ಲನ್ನು ಪೂರ್ತಿ ಚಕ್ರದ ಒಂದು ತುಂಡು ಎಂದುಕೊಳ್ಳಿ. ತ್ರಿಜ್ಯ 60 ಆದರೆ ಆ ಚಕ್ರದ ನಡುಬಿಂದು ನೆಲದಿಂದ 60 ಸೆಂ.ಮೀ ಮೇಲೆ ಗಾಳಿಯಲ್ಲಿ ಎಲ್ಲೋ ಇರುತ್ತದೆ. ಕುರ್ಚಿ ಮತ್ತು ಮಗು ಸೇರಿದ ಭಾರಕೇಂದ್ರ ಆ ಬಿಂದುವಿಗಿಂತ ಕೆಳಗಿದ್ದರೆ, ಬಿಲ್ಲಿನ ಬಾಗು ಮುಗಿಯುವ ತನಕ ಎಷ್ಟು ವಾಲಿಸಿದರೂ ವಾಪಸ್ ಬರುತ್ತದೆ. ತಂಜಾವೂರಿನ ದುಂಡು ಬುಡದ ಗೊಂಬೆ ಬೀಳದಿರುವುದು ಇದೇ ಕಾರಣಕ್ಕೆ, ಅದರ ಭಾರವೆಲ್ಲ ಬುಡದಲ್ಲಿ. ಭಾರಕೇಂದ್ರ ಬಿಂದುವಿಗಿಂತ ಮೇಲೆ ಹೋಯಿತೋ, ವಾಲಿದ್ದು ಇನ್ನಷ್ಟು ವಾಲುತ್ತದೆ.

ಕುರ್ಚಿಯ ತೂಕ 5 ಕೆ.ಜಿ., ಅದರ ಭಾರಕೇಂದ್ರ ಸುಮಾರು 24 ಸೆಂ.ಮೀ ಎತ್ತರದಲ್ಲಿ. ಮಗು ಕೂತಾಗ ಅವಳದು ಸೀಟಿನಿಂದ ಒಂದು ಗೇಣು ಮೇಲೆ, ನೆಲದಿಂದ 44. ಎರಡೂ ಸೇರಿ 39ರ ಹತ್ತಿರ. 60ಕ್ಕೆ ಬೇಕಾದಷ್ಟು ದೂರ ಉಂಟು. ಅವಳು ನಿಂತರೆ? ನಿಂತ ಮಗುವಿನ ಭಾರಕೇಂದ್ರ ಪಾದದಿಂದ ಸುಮಾರು 54 ಸೆಂ.ಮೀ ಮೇಲೆ, ಸೀಟಿನ 24 ಸೇರಿದರೆ 78. ಕುರ್ಚಿಯ ತೂಕವನ್ನೂ ಕೂಡಿಸಿದರೆ 64. ನಾಲ್ಕೇ ನಾಲ್ಕು ಸೆಂಟಿಮೀಟರು ಗೆರೆ ದಾಟಿತ್ತು.

ನಕ್ಷೆ ಸುಳ್ಳಾಗಿರಲಿಲ್ಲ. ದೊಡ್ಡವರ ಕುರ್ಚಿಯ ಮೇಲೆ ದೊಡ್ಡವರು ಎದ್ದು ನಿಂತರೆ ಅದೂ ಕವುಚುತ್ತದೆ. ಆದರೆ ದೊಡ್ಡವರು ನಿಲ್ಲುವುದಿಲ್ಲ, ಮಕ್ಕಳು ನಿಲ್ಲದೆ ಬಿಡುವುದಿಲ್ಲ. ಅದಕ್ಕೇ ದೊಡ್ಡ ಕುರ್ಚಿಯನ್ನು ಕುಗ್ಗಿಸಿದರೆ ಮಕ್ಕಳ ಕುರ್ಚಿ ಆಗುವುದಿಲ್ಲ. ಸೀಟು ಕುಗ್ಗಲಿ, ಬೆನ್ನು ಕುಗ್ಗಲಿ, ತ್ರಿಜ್ಯವನ್ನು ಅದೇ ಅನುಪಾತದಲ್ಲಿ ಕುಗ್ಗಿಸಬಾರದು. ನಾನು 90 ಸೆಂ.ಮೀ ಹಿಡಿದೆ. ನಿಂತಾಗಿನ 64ಕ್ಕೂ 90ಕ್ಕೂ ನಡುವೆ 26 ಸೆಂ.ಮೀ ಅಂತರ ಸಿಕ್ಕಿತು. ಮಗುವಿನ ತೂಕ ಹೆಚ್ಚಿದ್ದರೆ, ಕುರ್ಚಿ ಹಗುರವಿದ್ದರೆ ಅಂತರ ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ. ಪ್ಲೈವುಡ್ಡಿನಲ್ಲಿ ಮಾಡುವವರು ತಮ್ಮ ಅಂಕಿ ಹಾಕಿ ನೋಡಿಕೊಳ್ಳಬೇಕು.

ಹೆಚ್ಚು ತ್ರಿಜ್ಯದಿಂದ ಇನ್ನೊಂದು ಉಪಕಾರ ಆಯಿತು. ಹಲಗೆಯಿಂದ ಬಾಗಿದ ತುಂಡು ಕೊಯ್ದಾಗ ನಡುವಿನಲ್ಲಿ ನಾರು ಉದ್ದಕ್ಕೆ ಓಡುತ್ತದೆ, ತುದಿಗೆ ಹೋದ ಹಾಗೆ ಓರೆಯಾಗಿ ಅಂಚಿಗೆ ಬಂದು ತುಂಡಾಗುತ್ತದೆ. ಮೊದಲ ಬಿಲ್ಲಿನ ತುದಿಯಲ್ಲಿ ಆ ಓರೆ 32 ಡಿಗ್ರಿ, ಮುರಿದದ್ದೂ ಸರಿಯಾಗಿ ಅಲ್ಲೇ. ಹೊಸದರಲ್ಲಿ 22. ಬಿಲ್ಲಿನ ಉದ್ದ 70, ಎತ್ತರ 5, ದಪ್ಪ 22 ಮಿ.ಮೀ, ಬಾಗು ಸುಮಾರು 7 ಸೆಂ.ಮೀ. ಒಂದರ ಹೊಟ್ಟೆಗೆ ಇನ್ನೊಂದರ ಬೆನ್ನು ಕೂರಿಸಿ ಗೆರೆ ಎಳೆದರೆ 9 ಇಂಚು ಅಗಲದ ಒಂದೇ ಹಲಗೆಯಲ್ಲಿ ಎರಡೂ ಬಂದವು. ಈ ಸಲ ಮೊದಲು ‘ಉದಯವಾಣಿ’ಯ ಎರಡು ಹಾಳೆ ಅಂಟಿಸಿ ಕಾಗದದಲ್ಲಿ ಕತ್ತರಿಸಿ, ಹಲಗೆಯ ಮೇಲೆ ಆಚೀಚೆ ಸರಿಸಿ, ಗಂಟು ಇಲ್ಲದ ಜಾಗ ನೋಡಿ ಗೆರೆ ಹಾಕಿದೆ.

ಬಾಲವನ್ನು ಮುಂದಿನ ಭಾಗಕ್ಕಿಂತ ಉದ್ದ ಬಿಟ್ಟೆ, ನಡುವಿನಿಂದ ಮುಂದೆ 30, ಹಿಂದೆ 40. ಬಾಲದ ಕೊನೆಯ 6 ಸೆಂ.ಮೀ ಬಾಗಿಲ್ಲ, ನೇರ. ಕುರ್ಚಿ ತೀರಾ ಹಿಂದಕ್ಕೆ ಹೋದರೆ ಆ ನೇರ ಭಾಗ ನೆಲದ ಮೇಲೆ ಮಲಗಿ ಬ್ರೇಕ್ ಹಾಕಿದ ಹಾಗೆ ತಡೆಯುತ್ತದೆ. ನಾನೇ ಕೈಯಲ್ಲಿ ಒತ್ತಿ ಹಿಂದಕ್ಕೆ ವಾಲಿಸಿ ನೋಡಿದೆ, ಅಲ್ಲಿಗೆ ಬಂದ ಮೇಲೆ ಮುಂದೆ ಒತ್ತಲು ಒಳ್ಳೆ ಬಲ ಬೇಕು.

ಹಳೇ ಆಣಿಗಳನ್ನು ಬೈರಿಗೆಯಲ್ಲಿ ಕೊರೆದು ತೆಗೆದೆ, ಕಾಲು ಒಂದು ಪೆಟ್ಟಿಗೆ ಬಿಟ್ಟುಬಂತು. ಅಂಟು ಹಾಕಿದ್ದರೆ ನಾಲ್ಕು ಕಾಲೂ ಹೋಗುತ್ತಿದ್ದವು. ಬಾಗು ಬದಲಾದ್ದರಿಂದ ಕಾಲಿನ ಮೆಟ್ಟಿಲಿನ ಓರೆಯನ್ನು ಸುಮಾರು 5 ಡಿಗ್ರಿ ತಿದ್ದಬೇಕಾಯಿತು, ಸೀಟು ಒಂದು ಸೆಂ.ಮೀ ಕೆಳಗಿಳಿಯಿತು. ಅವಳ ಪಾದಕ್ಕೆ ಅದೇ ಒಳ್ಳೆಯದಾಯಿತು.

ಆಣಿಯ ತೂತು ಕೊರೆಯುವ ಮೊದಲು ಮಾಡಬೇಕಾದ ಒಂದು ಕೆಲಸ ಉಂಟು, ನಾನು ಮೊದಲ ಸಲ ಬಿಟ್ಟಿದ್ದೆ. ಬಿಲ್ಲುಗಳನ್ನು ಬರೀ ಕ್ಲಾಂಪಿನಲ್ಲಿ ಹಿಡಿಸಿ, ಮಗುವನ್ನು ಕೂರಿಸಿ, ಕುರ್ಚಿ ತಾನಾಗಿ ಎಲ್ಲಿ ನಿಲ್ಲುತ್ತದೆ ನೋಡಬೇಕು. ಮಗು ಬೆನ್ನಿಗೆ ಒರಗಿದಾಗ ಭಾರ ಹಿಂದಕ್ಕೆ ಹೋಗಿ ಕುರ್ಚಿ ಆಕಾಶ ನೋಡುತ್ತಿತ್ತು. ಮೇಲಿನ ಕುರ್ಚಿಯನ್ನು ಬಿಲ್ಲಿನ ಮೇಲೆ ಎರಡೂವರೆ ಸೆಂ.ಮೀ ಮುಂದಕ್ಕೆ ಸರಿಸಿದ ಮೇಲೆ ಸರಿಯಾಯಿತು. ಈ ಪರೀಕ್ಷೆಗೆ ಮಗು ಹತ್ತು ನಿಮಿಷ ಒಂದೇ ಕಡೆ ಕೂರಬೇಕು. ನಾಲ್ಕು ಚಕ್ಕುಲಿ ಖರ್ಚಾಯಿತು.

ಆಮೇಲೆ ನೆಲದ ಪರೀಕ್ಷೆ. ಚಾವಡಿಯ ರೆಡ್ ಆಕ್ಸೈಡ್ ನೆಲಕ್ಕೆ ಸೀಮೆಸುಣ್ಣದ ಪುಡಿ ಉಜ್ಜಿ ಕುರ್ಚಿಯನ್ನು ಹಿಂದೆ ಮುಂದೆ ತೂಗಿಸಿ ಮಗುಚಿದೆ. ಬಿಲ್ಲಿನ ಅಡಿಯಲ್ಲಿ ಬಿಳಿ ಒಂದೇ ಸಮನೆ ಹತ್ತಬೇಕು. ನಡುವೆ ಎಲ್ಲಾದರೂ ಹತ್ತದಿದ್ದರೆ ಅಲ್ಲಿ ತಗ್ಗು, ಗಾಢವಾಗಿ ಹತ್ತಿದರೆ ಉಬ್ಬು. ಉಬ್ಬನ್ನು ಅರದಿಂದ ಎರಡು ಸಲ ಎಳೆಯುವುದು, ಮತ್ತೆ ತೂಗುವುದು. ಎಂಟೊಂಬತ್ತು ಸಲ ಮಾಡಿದ ಮೇಲೆ ‘ಟಕ್ ಟಕ್’ ನಿಂತಿತು. ಇಷ್ಟಾಗಿಯೂ ಕುರ್ಚಿ ತೂಗುತ್ತ ತೂಗುತ್ತ ಎಡಕ್ಕೆ ಏಡಿಯ ಹಾಗೆ ಸರಿಯುತ್ತಿತ್ತು. ಅಳೆದರೆ ಎರಡು ಬಿಲ್ಲಿನ ನಡುವಿನ ದೂರ ಮುಂದೆ 30.5, ಹಿಂದೆ 29.8. ಒಂದು ಕಾಲಿನ ಒಳಮೈ ಕೀಸಿ ಸಮ ಮಾಡಿದ ಮೇಲೆ ನೇರ ನಿಂತಿತು.

ಹೊಸ ಬಿಲ್ಲಿನಲ್ಲಿ ತೂಗು ಚಿಕ್ಕದು, ಚುರುಕು. ಹೋಗಿ ಬರಲು ಒಂದೂವರೆ ಸೆಕೆಂಡೂ ಬೇಡ. ನಿಜ ಹೇಳಬೇಕೆಂದರೆ ಮೊದಲಿನ ನಿಧಾನದ ತೂಗೇ ನನಗೆ ಇಷ್ಟವಾಗಿತ್ತು. ಮಗಳಿಗೆ ಇದೇ ಇಷ್ಟ, ಕುದುರೆ ಎನ್ನುತ್ತಾಳೆ. ನಿಂತೂ ನೋಡಿದಳು, ಈ ಸಲ ಹಾಸಿಗೆ ಹಾಸಿ, ಎರಡೂ ಬದಿಯಲ್ಲಿ ನಾವಿಬ್ಬರು ಕೂತು. ಕುರ್ಚಿ ಅಲುಗಾಡಿತು, ವಾಪಸ್ ಬಂತು. ಹಾಗೆಂದು ನಿಲ್ಲಲು ಬಿಡುತ್ತೇವೆ ಎಂದಲ್ಲ.

ಪಾಲಿಶ್ ಮಾಡುವುದರಲ್ಲಿ ಸೋಮಾರಿತನ ಮಾಡಿದೆ. ಮೇ ತಿಂಗಳಲ್ಲಿ ಮಾಡಬಹುದಿತ್ತು, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮಾಡಿದೆ. ಮಗು ಕಚ್ಚಿದರೂ ತೊಂದರೆ ಇಲ್ಲ ಎಂದು ಅರಗಿನ ಪಾಲಿಶ್ ಆರಿಸಿದ್ದೆ, ಔಷಧದ ಮಾತ್ರೆಗಳ ಹೊರಪದರಕ್ಕೂ ಬಳಸುವ ವಸ್ತು ಅದು. ಅರಗನ್ನು ಸ್ಪಿರಿಟ್ಟಿನಲ್ಲಿ ರಾತ್ರಿಯಿಡೀ ಕರಗಿಸಿ, ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ತೆಳ್ಳಗೆ ಮೂರು ಕೋಟು ಎಳೆದೆ. ಮಧ್ಯಾಹ್ನದೊಳಗೆ ಇಡೀ ಕುರ್ಚಿಯ ಮೇಲೆ ಬೂದಿ ಬಳಿದ ಹಾಗೆ ಬಿಳಿ ಮಂಜು. ಸ್ಪಿರಿಟ್ ಬೇಗ ಆರುವಾಗ ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿರುವ ನೀರು ಅಲ್ಲಿ ಹನಿಗಟ್ಟಿ ಪಾಲಿಶಿನೊಳಗೆ ಸಿಕ್ಕಿಬೀಳುತ್ತದೆ. ಬಟ್ಟೆಯೇ ನಾಲ್ಕು ದಿನ ಒಣಗದ ಉಡುಪಿಯ ಮಳೆಗಾಲದಲ್ಲಿ ಪಾಲಿಶ್ ಒಣಗಲಿ ಎಂದು ಕಾದವನು ನಾನು. ಅಷ್ಟಮಿಗೆ ಬಂದ ನೆಂಟರೆಲ್ಲ ಅದನ್ನು ಹಾಗೇ ನೋಡಿದರು, ಒಬ್ಬರು ಸುಣ್ಣ ಹೊಡೆದದ್ದಾ ಎಂದು ಕೇಳಿದರು.

ಸರಿಪಡಿಸುವುದು ಕಷ್ಟವಲ್ಲ. ಚೌತಿ ಕಳೆದು ಮೂರು ದಿನ ಒಳ್ಳೆ ಬಿಸಿಲು ಬಂದಾಗ, ಬಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಬರೀ ತೇವ ಮಾಡಿ ನಾರಿನ ಗುಂಟ ಒಂದು ಸಲ ಎಳೆದೆ. ಹಳೇ ಪದರ ಕರಗಿ ನೀರು ಬಿಟ್ಟುಕೊಟ್ಟಿತು, ಮಂಜು ಹೋಯಿತು. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಮತ್ತೆರಡು ಕೋಟು. ಸೀಟಿನ ಅಡಿಗೂ, ಕಾಲಿನ ತುದಿಗೂ ಮರೆಯದೆ ಹಚ್ಚಿದೆ, ಒಂದೇ ಮೈಗೆ ಹಚ್ಚಿದರೆ ಇನ್ನೊಂದು ಮೈ ತೇವ ಕುಡಿದು ಹಲಗೆ ಬಾಗುತ್ತದೆ. ಬಿಲ್ಲಿನ ಅಡಿಗೆ ಪಾಲಿಶ್ ಹಾಕಿಲ್ಲ, ನೆಲದ ಮೇಲೆ ಜಾರುತ್ತದೆ.

ಖರ್ಚು ಹೆಚ್ಚೇನಿಲ್ಲ. ಸಾಮಿಲ್ಲಿಗೆ 350, ಅವರ ಬ್ಲೇಡಿಗೆ 400, ಅಂಟು, ಅರಗು, ಸ್ಪಿರಿಟ್, ಸ್ಯಾಂಡ್‌ಪೇಪರ್ ಎಲ್ಲ ಸೇರಿ 900ರ ಆಸುಪಾಸು. ಆಚಾರ್ರು ದುಡ್ಡು ತೆಗೆದುಕೊಳ್ಳಲಿಲ್ಲ, ಉಳಿದ ಬೋಗಿಯ ಪಕ್ಕಾಸಿನಲ್ಲಿ ಒಂದು ತುಂಡು ಕೇಳಿದರು, ಕೀಸುಳಿಯ ಮೈ ಮಾಡಲಿಕ್ಕೆ.

ಈಗ ಕುರ್ಚಿ ಚಾವಡಿಯಲ್ಲಿ ಅಪ್ಪನ ಆರಾಮ ಕುರ್ಚಿಯ ಪಕ್ಕ ಉಂಟು. ಹಲಸಿನ ಅರಿಶಿನ ಬಣ್ಣ ಬೆಳಕಿನ ಕಡೆಯ ಕೈಯಲ್ಲಿ ಆಗಲೇ ಸ್ವಲ್ಪ ಕಂದಿದೆ, ಗೋಡೆಯ ಕಡೆಯದು ಹಾಗೇ ಉಂಟು. ಬೆಕ್ಕು ಬಿಲ್ಲಿನ ಬಾಲದ ಹತ್ತಿರ ಮಲಗುವುದರಿಂದ ತೂಗುವ ಮೊದಲು ಅದನ್ನು ಓಡಿಸುವುದು ಮಗಳಿಗೆ ಹೊಸ ಆಟ. ಎಡಗಡೆ ಹಿಂಗಾಲಿನ ಒಂದು ಆಣಿ ಮಳೆಗೆ ಕೂದಲೆಳೆಯಷ್ಟು ಹೊರಗೆ ಬಂದಿದೆ. ಅದನ್ನು ಈಗ ಕೊಯ್ಯುವುದಿಲ್ಲ. ಜನವರಿಯಲ್ಲಿ ಮರ ಆರಿ ಕುಗ್ಗಿದ ಮೇಲೆ ಒಂದು ಪೆಟ್ಟು ಒಳಗೆ ಹೊಡೆದು, ಉಳಿದದ್ದನ್ನು ಸಮ ಮಾಡಬೇಕು.